ನಡುಸಾಲಿನ ಪ್ರಸಾದ

ಆಷ್‌ಬ್ರುಕ್, ಪೆನ್ಸಿಲ್ವೇನಿಯಾ
ಮಂಗಳವಾರ, ಅಕ್ಟೋಬರ್ 19

ಪ್ರೀತಿಯ ತಮ್ಮ ಸಿರಿಲ್,

ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಕಾಲಿನ ಊತ ಇಳಿಯಿತೇ? ಇಡೀ ಧರ್ಮಪ್ರಾಂತ್ಯಕ್ಕೆ ನೀನು ಬಿಷಪ್ ಆಗಿರಬಹುದು, ಆದರೆ ಊಟವಾದ ಮೇಲೆ ಯಾರೂ ನೋಡದಾಗ ಎರಡನೇ ತುಂಡು ಕೇಕಿಗೆ ಕೈ ಹಾಕುವವನು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಗುರುವಾರದಿಂದ ಮೂರು ಸಲ ಮಾಡಿದೆ. ಮೂರು ಸಲವೂ ನಿನ್ನ ಕಾರ್ಯದರ್ಶಿ, ಪೂಜ್ಯರು ಸಭೆಯಲ್ಲಿದ್ದಾರೆ ಎಂದ. ನಾನು ಅವನ ಅಕ್ಕ ಕಣಪ್ಪ ಎಂದೆ. ಆಗಲೂ ಸಭೆಯಲ್ಲೇ ಇದ್ದೆ ನೀನು. ಅದಕ್ಕೇ ಲಕೋಟೆಯ ಮೇಲೆ 'ಖಾಸಗಿ' ಎಂದು ದಪ್ಪಕ್ಷರದಲ್ಲಿ ಬರೆದು ಕಳಿಸುತ್ತಿದ್ದೇನೆ.

ಪಕ್ಕದ ಮನೆಯ ವೆರೋನಾ ತೀರಿಕೊಂಡ ಸುದ್ದಿ ನಿನಗೆ ತಲುಪಿತ್ತು, ನೀನು ಕಳಿಸಿದ ಹೂವೂ ಬಂತು. ನಿನ್ನ ಮೊದಲ ಪರಮಪ್ರಸಾದದ ಬೆಳಿಗ್ಗೆ ಅಂಗಿಯ ಗುಂಡಿ ಕಿತ್ತುಹೋಗಿ ನೀನು ಅಳುತ್ತ ನಿಂತಿದ್ದಾಗ ಸೂಜಿದಾರ ಹಿಡಿದು ಓಡಿಬಂದವಳು ಅವಳೇ. ಹೂವು ಸಾಲದು, ನೀನೇ ಬರಬೇಕಿತ್ತು ಎಂದು ಊರಿನವರು ಅಂದುಕೊಂಡರು. ನೀನು ಯಾಕೆ ಬರಲಿಲ್ಲವೆಂದು ನನಗೆ ಗೊತ್ತು. ಅವಳ ಮಗಳು ಜನೀನ್ ಮುಂದಿನ ಬೆಂಚಿನಲ್ಲೇ ಕೂತಿರುತ್ತಾಳಲ್ಲ. ಊರಿಗೆ ಅವಳು ಶಾಸಕಿ. ನನಗೆ ಮಾತ್ರ ಜ್ಞಾನಸ್ನಾನದ ದಿನ ನನ್ನ ತೋಳಿನಲ್ಲಿ ಕಿರುಚಾಡಿ, ನನ್ನ ಹೊಸ ಟೋಪಿಯ ಮೇಲೆ ಹಾಲು ಕಕ್ಕಿದ ಮಗು. ನಾನು ಅವಳ ಜ್ಞಾನತಾಯಿ. ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆಗೆ ಅವಳು ಕೈ ಎತ್ತಿದ್ದು ನನಗೂ ಸರಿಕಂಡಿಲ್ಲ. ಅದನ್ನು ಅವಳ ಅಡುಗೆಮನೆಯಲ್ಲೇ ಕೂತು ಅವಳ ಮುಖಕ್ಕೇ ಹೇಳಿದ್ದೇನೆ, ಅವಳೂ ನನಗೆ ಬಿಸಿಬಿಸಿಯಾಗಿಯೇ ಉತ್ತರ ಕೊಟ್ಟಿದ್ದಾಳೆ. ಆಮೇಲೆ ಇಬ್ಬರೂ ಕಾಫಿ ಕುಡಿದೆವು. ಆಗಸ್ಟಿನಲ್ಲಿ ನಿನ್ನ ಸುತ್ತೋಲೆಯನ್ನು ಎಲ್ಲ ಚರ್ಚುಗಳಲ್ಲಿ ಓದಿದರಲ್ಲ, ಆ ಮಸೂದೆಗೆ ಮತ ಹಾಕಿದ ಕಥೋಲಿಕರು ಪ್ರಸಾದಕ್ಕೆ ಬರಬಾರದು ಎಂದು, ಅವತ್ತು ನಾನು ತಲೆಯಾಡಿಸಿದವಳೇ. ಕೊನೆಯ ಸಾಲು ಮಾತ್ರ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ: 'ಪ್ರಸಾದ ಕೊಡುವವರು ತಮ್ಮ ಮನಸ್ಸಾಕ್ಷಿಯಂತೆ ವಿವೇಚಿಸಿ ನಡೆಯತಕ್ಕದ್ದು.'

ಗುರುವಾರ ವೆರೋನಾಳ ಶವಸಂಸ್ಕಾರದಲ್ಲಿ ಆ ಸಾಲೇ ನನ್ನ ಕೈಗೆ ಬಂತು. ನಮ್ಮ ಚರ್ಚಿನಲ್ಲಿ ನಡುಸಾಲಿಗೆ ಯಾವಾಗಲೂ ಫಾದರ್ ಡೌಲಿಂಗ್ ನಿಲ್ಲುತ್ತಾರೆ, ನಾನು ಪಕ್ಕದ ಸಾಲಿಗೆ. ಶವಸಂಸ್ಕಾರವೆಂದರಂತೂ ಮನೆಯವರಿಗೆ ಪ್ರಸಾದ ಕೊಡುವುದು ಗುರುಗಳೇ. ಹನ್ನೊಂದು ವರ್ಷದಿಂದ ಗುರುಗಳಿಗೆ ನೆರವಾಗಿ ಪ್ರಸಾದದ ಪಾತ್ರೆ ಹಿಡಿದಿದ್ದೇನೆ, ಒಂದು ದಿನವೂ ಇದು ತಪ್ಪಿಲ್ಲ. ಅವತ್ತು ಪ್ರಸಾದದ ಹೊತ್ತಿಗೆ ಸರಿಯಾಗಿ ಫಾದರ್ ಕುರ್ಚಿಗೆ ಹೋಗಿ ಕೂತರು. ನನ್ನನ್ನು ಹತ್ತಿರ ಕರೆದು, "ಲುಡ್ಮಿಲಾ, ಮೊಣಕಾಲು ಯಾಕೋ ಹಿಡ್ಕೊಂಡ್ಬಿಟ್ಟಿದೆ. ನಡುಸಾಲು ಇವತ್ತು ನೀವೇ ನೋಡ್ಕೊಳ್ಳಿ," ಎಂದರು. ಹಿಂದಿನ ಶನಿವಾರ ಚರ್ಚಿನ ಹಬ್ಬದಲ್ಲಿ ಮೂರು ಸುತ್ತು ಪೋಲ್ಕಾ ಕುಣಿದ ಮೊಣಕಾಲು ಅದು! ಆದರೆ ಆ ಹೊತ್ತಿಗೆ ನನಗೆ ಅದೊಂದೂ ಹೊಳೆಯಲಿಲ್ಲ. ಪಾತ್ರೆ ತೆಗೆದುಕೊಂಡು ಶವಪೆಟ್ಟಿಗೆಯ ಪಕ್ಕದಲ್ಲಿ ಹೋಗಿ ನಿಂತೆ. ತಲೆಯೆತ್ತಿ ನೋಡಿದರೆ ಎಲ್ಲರಿಗಿಂತ ಮುಂದೆ ಜನೀನ್ ಬರುತ್ತಿದ್ದಾಳೆ, ತಾಯಿಯ ಬೂದು ಶಾಲು ಹೊದ್ದುಕೊಂಡು.

ಸಿರಿಲ್, ಅವಳ ಹಿಂದೆ ಮುನ್ನೂರು ಜನ. ಪತ್ರಿಕೆಯವನೊಬ್ಬ ಕೊನೆಯ ಬೆಂಚಿನಲ್ಲಿ ಕೂತಿದ್ದನ್ನು ನಾನು ಮೊದಲೇ ನೋಡಿದ್ದೆ. ಕೊಟ್ಟರೆ, ಬಿಷಪ್ಪರ ಅಕ್ಕನೇ ಬಿಷಪ್ಪರ ಮಾತು ಮುರಿದಳು ಎಂದು ನಾಳೆ ಅಚ್ಚಾಗುತ್ತದೆ. ನಿನ್ನ ಮುಖ ಕಣ್ಣಮುಂದೆ ಬಂತು. ಅವಳ ಮುಖ ನಾನು ನೋಡಲೇ ಇಲ್ಲ. ಅವಳು ಇನ್ನೂ ಎರಡು ಹೆಜ್ಜೆ ದೂರದಲ್ಲಿರುವಾಗಲೇ ನನ್ನ ಅಂಗೈ ತಾನಾಗಿ ಪಾತ್ರೆಯ ಮೇಲೆ ಹೋಯಿತು, ಬೆಕ್ಕು ಬಂತೆಂದು ಹಾಲಿನ ಪಾತ್ರೆ ಮುಚ್ಚುತ್ತೇವಲ್ಲ, ಹಾಗೆ. "ನಿನಗಿಲ್ಲಮ್ಮ" ಎಂದೆ. ಪಿಸುಮಾತಿನಲ್ಲಿ ಹೇಳಿದೆ ಅಂದುಕೊಂಡಿದ್ದೆ, ಐದನೇ ಬೆಂಚಿನವರೆಗೂ ಕೇಳಿಸಿತಂತೆ. ಅವಳು ಒಂದು ಕ್ಷಣ ನಿಂತಳು. ಆಮೇಲೆ ಪಕ್ಕಕ್ಕೆ ತಿರುಗಿ ತಾಯಿಯ ಪೆಟ್ಟಿಗೆಗೆ ಹಣೆ ತಾಗಿಸಿ, ಬೆಂಚಿಗೆ ಹೋಗಿ ಕೂತಳು. ನಾನು ಉಳಿದವರಿಗೆಲ್ಲ 'ಕ್ರಿಸ್ತರ ಶರೀರ' ಎನ್ನುತ್ತ ಕೊಡುತ್ತಲೇ ಇದ್ದೆ. ಹೇಗೆ ಕೊಟ್ಟೆನೋ ದೇವರಿಗೇ ಗೊತ್ತು.

ಊಟ ಚರ್ಚಿನ ನೆಲಮಾಳಿಗೆಯಲ್ಲಿ. ಎಲೆಕೋಸಿನ ಸುರುಳಿ, ಬೆಣ್ಣೆ ಹಾಕಿದ ನೂಡಲ್ಸ್, ಎಂದಿನಂತೆ. ನಾನು ಬಡಿಸಲು ನಿಂತೆ. ಹಾರ್ಡ್‌ವೇರ್ ಅಂಗಡಿಯ ಕ್ಲೆಮೆಂಟ್ ನನ್ನ ಭುಜ ತಟ್ಟಿ, "ಭೇಷ್ ಕಣ್ರೀ, ಬಿಷಪ್ಪರ ಅಕ್ಕ ಅಂದ್ರೆ ಹೀಗಿರ್ಬೇಕು. ಸರಿಯಾದ ಜಾಗದಲ್ಲೇ ಮಂಗಳಾರತಿ ಮಾಡಿದ್ರಿ," ಎಂದು ನಕ್ಕ. ಅವನ ಹಿಂದೆ ನಿಂತಿದ್ದ ವೆರೋನಾಳ ತಂಗಿ ನನ್ನ ಕೈಯಿಂದ ಬಡಿಸಿಕೊಳ್ಳದೆ, ತಟ್ಟೆ ಹಿಡಿದುಕೊಂಡು ಆಚೆ ಮೇಜಿಗೆ ಹೋದಳು. ಯಾವುದು ಹೆಚ್ಚು ಚುಚ್ಚಿತೆಂದು ಇವತ್ತಿಗೂ ಹೇಳಲಾರೆ.

ಎಲ್ಲ ಮುಗಿದು ನಾನು ಒಬ್ಬಳೇ ಪಾತ್ರೆ ಉಜ್ಜುತ್ತಿದ್ದಾಗ ಜನೀನ್ ಅಡುಗೆಮನೆಗೆ ಬಂದಳು. ಜಗಳವಾಡಲು ಬಂದಳೆಂದು ನಾನು ಟೊಂಕ ಕಟ್ಟಿ ನಿಂತೆ. ಅವಳು ಒರೆಸುವ ಬಟ್ಟೆ ತೆಗೆದುಕೊಂಡು ತೊಳೆದ ತಟ್ಟೆಗಳನ್ನು ಒರೆಸತೊಡಗಿದಳು. ನಾಲ್ಕೈದು ತಟ್ಟೆಯಾದ ಮೇಲೆ ಹೇಳಿದಳು: "ಚಿಕ್ಕಮ್ಮ, ನಾನು ಕೈ ಕಟ್ಕೊಂಡೇ ಬಂದಿದ್ದೆ. ಶಾಲಿನ ಒಳಗೆ. ಸುತ್ತೋಲೆ ನಾನೂ ಓದಿದೀನಿ. ಅಮ್ಮನ ದಿನ ರಂಪ ಬೇಡ ಅಂತ ಬರೀ ಆಶೀರ್ವಾದಕ್ಕೆ ಬಂದಿದ್ದೆ."

ನನ್ನ ಕೈಯಲ್ಲಿದ್ದ ಬಾಣಲೆ ತೊಟ್ಟಿಗೆ ಬಿತ್ತು. ಎದೆಯ ಮೇಲೆ ಕೈ ಕಟ್ಟಿಕೊಂಡು ಬಂದವರಿಗೆ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ ಕಳಿಸಬೇಕೆಂಬುದು ನಮ್ಮಲ್ಲಿ ಹಸುಗೂಸಿಗೂ ಗೊತ್ತು, ಹಸುಗೂಸಿಗೂ ಹಾಕುತ್ತೇವೆ. ನಾನು ಅದನ್ನೂ ಕೊಡದೆ ಕಳಿಸಿದ್ದೆ, ಹೆತ್ತವಳ ಹೆಣದ ಮುಂದೆ. ಕ್ಷಮಿಸು ಎನ್ನುವಷ್ಟರಲ್ಲಿ ಅವಳೇ ಮತ್ತೆ ಹೇಳಿದಳು: "ಮತ ಹಾಕಿದ್ದಕ್ಕೆ ನಾನು ಯಾರಿಗೆ ಬೇಕಾದ್ರೂ ಉತ್ತರ ಕೊಡ್ತೀನಿ. ಬಿಷಪ್ಪರನ್ನ ಕಾಣ್ಬೇಕು ಅಂತ ಎರಡು ಸಲ ಕೇಳ್ದೆ, ಸಭೆಯಲ್ಲಿದ್ದಾರೆ ಅಂದ್ರು. ಅದು ಹೋಗ್ಲಿ. ನೀವಾದ್ರೂ ನನ್ನ ಮುಖ ನೋಡ್ಬಹುದಿತ್ತು."

ಐದು ದಿನವಾಯಿತು, ನನಗಿನ್ನೂ ದಿಗ್ಭ್ರಮೆ ಬಿಟ್ಟಿಲ್ಲ. ಅವಳ ಕಚೇರಿ ನಿನ್ನ ಮನೆಯಿಂದ ನಾಲ್ಕು ಬೀದಿ ಆಚೆ. ದಾರಿ ತಪ್ಪಿದ ಕುರಿಯನ್ನು ಕುರುಬನೇ ಹುಡುಕಿಕೊಂಡು ಹೋಗಬೇಕೆಂದು ನಮಗೆಲ್ಲ ಬೋಧಿಸುವವನು ನೀನು. ಒಮ್ಮೆ ಕರೆದು ಕೂರಿಸಿ, ಬೈದು, ಕೇಳಿ, ಆಮೇಲೆ ಇಲ್ಲ ಅಂದಿದ್ದರೆ ಅದು ಬಿಷಪ್ಪನ ಮಾತಾಗುತ್ತಿತ್ತು. ನೀನು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡೆ. ಅದು ಫಾದರ್ ಕೈಗೆ ಬಂತು, ಅವರು ಮೊಣಕಾಲು ಹಿಡಿದುಕೊಂಡು ಕೂತರು. ಕೊನೆಗೆ ಸಿಕ್ಕವಳು ನಾನು. ನನ್ನ ತಪ್ಪು ನನ್ನದೇ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಶನಿವಾರ ಫಾದರ್ ಬಳಿಯೇ ಪಾಪನಿವೇದನೆಗೆ ಹೋಗಿ ಹೇಳಿಕೊಂಡೆ. ನೀನು ನಿನ್ನದನ್ನು ಯಾರ ಬಳಿ ಹೇಳಿಕೊಳ್ಳುತ್ತೀಯೋ ನಾನರಿಯೆ.

ಕಾಲಿಗೆ ಉಪ್ಪುನೀರಿನ ಶಾಖ ಕೊಡು, ಮಾತ್ರೆ ತಪ್ಪಿಸಬೇಡ. ನೀನು ನನ್ನ ಬಿಷಪ್ ಆಗುವ ಮೊದಲೇ ನಾನು ನಿನ್ನ ಅಕ್ಕ, ಆ ಹಕ್ಕಿನಿಂದ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಹರಸುತ್ತೇನೆ.

ನಿನ್ನ ಅಕ್ಕ,
ಲುಡ್ಮಿಲಾ

ಮರೆತಿದ್ದೆ: ಅಂಚೆಯವಳು ಎದುರುಮನೆಗೆ ಬಂದಾಯಿತು, ಬೇಗ ಬರೆಯುತ್ತೇನೆ. ಭಾನುವಾರ ಮಕ್ಕಳ ದೃಢೀಕರಣ ಸಂಸ್ಕಾರದ ಪೂಜೆಗೆ ನೀನು ಇಲ್ಲಿಗೆ ಬರುತ್ತೀಯಲ್ಲ, ಜನೀನಳ ಕಿರಿಮಗಳೂ ಆ ಮಕ್ಕಳಲ್ಲಿದ್ದಾಳೆ. ಇನ್ನು ಪಾತ್ರೆ ಹಿಡಿಯುವುದಿಲ್ಲವೆಂದು ಫಾದರ್‌ಗೆ ಹೇಳಿಬಿಟ್ಟಿದ್ದೇನೆ. ನಡುಸಾಲಿಗೆ ನೀನೇ ನಿಲ್ಲಬೇಕು. ಜನೀನ್ ಬರುತ್ತಾಳೆ, ಅವಳ ಹಿಂದೆಯೇ ನಾನು. ಅವಳು ಕೈ ಕಟ್ಟಿಕೊಂಡು ಬರುತ್ತಾಳೋ ಚಾಚಿಕೊಂಡು ಬರುತ್ತಾಳೋ, ನಾನು ಕೇಳಿಲ್ಲ. ಅವಳಿಗೆ ಏನು ಮಾಡುತ್ತೀಯೋ ನನಗೂ ಅದನ್ನೇ ಮಾಡು.