ಮೈಗೆ ಅಭ್ಯಾಸವಾಗಿದೆಯಂತೆ!

ಮಗನೇ,

ನಿನ್ನ ಹೆಂಡತಿ ವಾಂತಿ ಮಾಡಿಕೊಂಡ ಬಕೆಟ್ಟು ತೊಳೆಯುತ್ತಿದ್ದವಳು ಅರ್ಧಕ್ಕೇ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಉಳಿದದ್ದು ನಿನ್ನ ಪಾಲು. ಬಂದ ಕೂಡಲೇ ತೊಳೆ.

ಒಲೆ ಹಚ್ಚಬೇಡ. ಈರುಳ್ಳಿ ಹುರಿದರೂ ಅವಳಿಗೆ ಸತ್ತ ಇಲಿಯ ನಾತ ಬರುತ್ತದೆ. ಅನ್ನ ಆರಿಸಿ ಮುಚ್ಚಿಟ್ಟಿದ್ದೇನೆ, ಎದ್ದಾಗ ಎರಡು ತುತ್ತು ತಿನ್ನಿಸು. ನಿನ್ನ ಸೆಂಟಿನ ಬಾಟಲಿ ಹೊರಗಿದೆ, ಒಳಗೆ ತಂದೀಯ ಜೋಕೆ.

"ಮೂರನೇ ಸಲ ಕೊರೋನಾ ಅಲ್ವೇನಮ್ಮಾ, ಮೈಗೆ ಅಭ್ಯಾಸ ಆಗಿದೆ ಬಿಡು" ಅಂದೆಯಲ್ಲ, ಕೇಳಿ ಹೇಸಿಗೆಯಾಯಿತು. ಅಭ್ಯಾಸ ಅಂದರೆ ಓದು ಅಂತಲೂ ಅರ್ಥವಿದೆ. ನಾನು ರಾತ್ರಿಶಾಲೆಗೆ ಹೋಗಿ ಕಲಿತದ್ದು. ಡಾಕ್ಟರಮ್ಮ ಹೇಳಿದ್ದೂ ಅದನ್ನೇ. ಮೈ ರೋಗವನ್ನು ಓದಿ ನೆನಪಿಟ್ಟುಕೊಳ್ಳುತ್ತದಂತೆ, ಅದಕ್ಕೇ ಈ ಸಲ ಜ್ವರ ಬೇಗ ಬಿಟ್ಟಿತು. ಆದರೆ ರೋಗವೂ ವೇಷ ಬದಲಿಸಿಕೊಂಡು ಬರುತ್ತದೆ, ಬಂದಾಗಲೆಲ್ಲ ಏನಾದರೊಂದು ಕೆಡಿಸಿ ಹೋಗಬಹುದು. ಈ ಸಲ ಮೂಗು ಕೆಡಿಸಿದೆ. ನೀನೋ, ಜ್ವರ ಇಳಿದದ್ದೇ ತಡ, ಅವಳನ್ನು ಬೇಕರಿ ಕೆಲಸಕ್ಕೆ ಅಟ್ಟಿದೆ. ನಿನ್ನೆ ಬ್ರೆಡ್ಡಿನ ವಾಸನೆಗೇ ತಲೆ ಸುತ್ತಿ ಒಲೆಯ ಪಕ್ಕದಲ್ಲಿ ಬಿದ್ದಳು. ಒಂದು ಗೇಣು ಆಚೆ ಬಿದ್ದಿದ್ದರೆ ಮುಖವೇ ಸುಟ್ಟುಹೋಗುತ್ತಿತ್ತು.

ಅವಳು ಬರೆದುಕೊಟ್ಟ ರಜೆ ಅರ್ಜಿ ಇನ್ನೂ ನಿನ್ನ ಪ್ಯಾಂಟಿನ ಜೇಬಿನಲ್ಲೇ ಮುದುಡಿಕೊಂಡಿತ್ತು. "ನಾಳೆ ಕೊಡ್ತೀನಮ್ಮಾ, ನಾಳೆ" ಅಂತ ತಿಂಗಳು ದಾಟಿಸಿದೆ. ಥೂ! ಸುಕ್ಕು ಹೋಗುವ ಹಾಗೆ ಇಸ್ತ್ರಿ ಹಾಕಿದ್ದೇನೆ. ಈಗ ಬೇಕರಿ ಯಜಮಾನರ ಕೈಗೇ ಕೊಡಲು ಹೊರಟೆ.

ಅವಳು ಎದ್ದರೆ ಅರ್ಜಿ ಹೋಯಿತು ಅಂತ ಹೇಳು, ಸಮಾಧಾನವಾಗಿ ಮಲಗಲಿ. ಯಾರು ಕೊಟ್ಟರು ಅಂತ ಕೇಳಿದರೆ ಮಾತ್ರ ಸುಳ್ಳು ಹೇಳಬೇಡ.

ಅಮ್ಮ