ಒಲ್ಲೆ ಎಂದ ಮೇಲೂ ಹಿಡಿದದ್ದು

ಗದಗ, ಫೆಬ್ರುವರಿ ಮೂವತ್ತು, ೨೪೧೯

ಹಿಂದಿನ ಕಾಲದ ತಾಯಂದಿರಿಗೆ ಮಹಾನಂದಾಳ ನಮಸ್ಕಾರ.

ತಾರೀಖು ಕಂಡು ನಗಬೇಡಿ. ತಿಂಗಳುಗಳಿಗೆಲ್ಲ ಸಮನಾಗಿ ದಿನ ಹಂಚಿಕೊಂಡು ನಮಗೆ ತಲೆಮಾರುಗಳೇ ಕಳೆದವು. ನಿಮಗೆ ಗೊತ್ತಿಲ್ಲದ ಮಾತು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಚಿಕಿತ್ಸೆಯ ಹೊತ್ತಿಗೆ ಒಲ್ಲೆನ್ನುವ ಮಕ್ಕಳನ್ನು ಹಿಡಿದವರು ನಮ್ಮಲ್ಲಿ ಯಾರೂ ಇಲ್ಲ. ನಿಮ್ಮಲ್ಲಿ ಮನೆಮನೆಗೂ ಇದ್ದರಂತೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ದವಾಖಾನೆಗಳಲ್ಲಿ ಕೈಗಂಟು ಎಂಬುದೊಂದಿದೆ. ಮಗುವಿನ ಜೊತೆ ಒಳಗೆ ಹೋಗುವ ದೊಡ್ಡವರು ಎರಡೂ ಕೈಗಳನ್ನು ಬೆನ್ನ ಹಿಂದೆ ಬಟ್ಟೆಯ ಪಟ್ಟಿಯಿಂದ ಕಟ್ಟಿಸಿಕೊಳ್ಳಬೇಕು. ತಾಯಿಯೂ ಅಷ್ಟೇ, ಊರಿನ ಹಿರಿಯರೂ ಅಷ್ಟೇ. ಗಂಟು ಹಾಕುವುದು ಮಗುವೇ. ಸ್ವಲ್ಪ ಎಳೆದರೆ ಅದು ಬಿಚ್ಚುತ್ತದೆ, ಆದರೆ ಯಾರೂ ಎಳೆಯುವುದಿಲ್ಲ. ಡಾಕ್ಟರು ಜಮಖಾನದ ಮೇಲೆ ಕುಳಿತು ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಮಗು ತಾನಾಗಿ ಕೈ ಚಾಚಿದರೆ ಆಯಿತು. ಒಲ್ಲೆ ಎಂದರೆ ಎಲ್ಲರೂ ಹೊರಗೆ ಬಂದು ಅಂಬಲಿ ಕುಡಿದು ಮತ್ತೆ ಹೋಗುತ್ತೇವೆ. ನಮ್ಮ ಮಕ್ಕಳು ದವಾಖಾನೆಗೆ ಅಜ್ಜಿಯ ಮನೆಗೆ ಹೋದಂತೆ ಹೋಗುತ್ತಾರೆ. ನಾನೂ ಹಾಗೇ ಬೆಳೆದವಳು. ನೀವು ನಾಲ್ವರು ಸೇರಿ ಒಂದು ಮಗುವನ್ನು ಅದುಮಿ ಹಿಡಿಯುತ್ತಿದ್ದಿರಿ ಎಂದು ಶಾಲೆಯಲ್ಲಿ ಓದಿದಾಗ, ನಿಜ ಹೇಳುತ್ತೇನೆ, ನಿಮ್ಮನ್ನು ಮನಸಾರೆ ಬೈದಿದ್ದೆ.

ಮೊನ್ನೆ ನನ್ನ ಮಗಳು ನೀಲಾಂಬಿಯ ಕಾಲಿಗೆ ಹುಚ್ಚುನಾಯಿ ಕಚ್ಚಿತು. ಅವಳಿಗೆ ಐದು ವರ್ಷ. ಉಳಿದ ಔಷಧಗಳನ್ನೆಲ್ಲ ನಾವು ಚರ್ಮಕ್ಕೆ ಸವರುತ್ತೇವೆ; ಇದೊಂದಕ್ಕೆ ಇಂದಿಗೂ ಸೂಜಿಯೇ ಗತಿ, ಅದೂ ಗಾಯದೊಳಕ್ಕೇ. ಅವಳು ಸೂಜಿಯನ್ನೇ ಕಂಡವಳಲ್ಲ. "ಒಲ್ಲೆ ಅಂದ್ರ ಒಲ್ಲೆ," ಎಂದು ಮೂಲೆ ಹಿಡಿದಳು. ಅಂಬಲಿ ಕುಡಿದು ಬಂದೆವು, ಒಲ್ಲೆ. ಕತೆ ಹೇಳಿದೆವು, ಒಲ್ಲೆ. ಡಾಕ್ಟರ್ ಇರ್ಫಾನ್ ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕಾರ, ವಿಷ ತಲಿಗೆ ಏರಿದ್ರ ಆಮ್ಯಾಲೆ ಯಾವ ಔಷಧಾನೂ ಇಲ್ರಿ. ಪ್ರಾಣಕ್ಕ ಬಂದಾಗ ಹಿಡೀಬಹುದು ಅಂತ ಕಾಯ್ದೆದಾಗ ಐತಿ. ಹಿಡದವರನ್ನ ಮಾತ್ರ ನಾ ಕಂಡಿಲ್ಲ," ಎಂದರು.

ನಾನು ಗಂಟು ಎಳೆದೆ. ಎಲ್ಲಿ ಹಿಡಿಯಬೇಕೆಂದೇ ಗೊತ್ತಿರಲಿಲ್ಲ. ಮೊದಲು ಜಡೆ ಕೈಗೆ ಸಿಕ್ಕಿತು, ಬಿಟ್ಟೆ. ಕೊನೆಗೆ ಅವಳ ಮೇಲೆ ಬಾಗಿ ಕಾಲನ್ನು ನೆಲಕ್ಕೆ ಒತ್ತಿ ಹಿಡಿದೆ. ಅವಳು ಅಷ್ಟು ಸಣ್ಣವಳೆಂದು ಆಗಲೇ ನನಗೆ ತಿಳಿದದ್ದು. ಒಲ್ಲೆ ಒಲ್ಲೆ ಎಂದು ನನ್ನ ಕಿವಿಯಲ್ಲೇ ಕೂಗುತ್ತಿದ್ದಳು. ಸೂಜಿ ಆಯಿತು. ಸರಿಯಾದದ್ದನ್ನೇ ಮಾಡಿದೆ ಎಂದು ಒಮ್ಮೆ ಅನ್ನಿಸುತ್ತದೆ; ಮರುಗಳಿಗೆಗೆ ಯಾರದೋ ಮಗುವನ್ನು ಕದ್ದು ತಂದವಳು ನಾನು ಅನ್ನಿಸುತ್ತದೆ. ಇನ್ನೊಂದಿಷ್ಟು ಹೊತ್ತು ಕಾದಿದ್ದರೆ ತಾನೇ ಕಾಲು ಚಾಚುತ್ತಿದ್ದಳೇನೋ. ಕಾಯುತ್ತ ಕೂತು ಅವಳನ್ನು ಕಳೆದುಕೊಂಡಿದ್ದರೆ? ಒಂದೂ ತಿಳಿಯದೆ ತಲೆ ಕೆಟ್ಟುಹೋಗಿದೆ.

ಇನ್ನು ಇವಳು ನನ್ನ ಹತ್ತಿರ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ನಿನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಹಿಂದಿನಿಂದ ಹೆಗಲಿಗೆ ಜೋತುಬಿದ್ದು, ಕಿವಿಗೆ ಬಾಯಿಟ್ಟು, "ಅವ್ವಾ, ನನಗ ರೊಟ್ಟಿ," ಎಂದು ಚೀರಿದಳು. ಯಾಕೆ ಚೀರುತ್ತೀ ಎಂದೆ. ನನ್ನ ಗಲ್ಲ ಸವರಿ ಇನ್ನೂ ಗಟ್ಟಿಯಾಗಿ, "ನಿನಗ ಕಿವಿ ಕೇಳಸೂದಿಲ್ಲಲ್ಲವ್ವಾ. ಅಂಜಬ್ಯಾಡ, ನಾ ಇನ್ಮ್ಯಾಲೆ ಜೋರಾಗಿ ಹೇಳ್ತೀನಿ," ಎಂದಳು. ಒಲ್ಲೆ ಎಂದದ್ದನ್ನು ಕೇಳಿಸಿಕೊಂಡವರು ಯಾರೂ ಹಿಡಿಯುವುದಿಲ್ಲ; ಅವಳಿಗೆ ಗೊತ್ತಿರುವ ಲೋಕ ಅಷ್ಟೇ. ಹಾಗಾಗಿ ನಾನು ಕಿವುಡಿ. ಆಗಿನಿಂದ ಓಣಿಯವರಿಗೆಲ್ಲ, "ನಮ್ಮವ್ವನ ಕೂಡ ಮೆಲ್ಲಕ ಮಾತಾಡಬ್ಯಾಡ್ರಿ, ಪಾಪ," ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ನನಗೆ ನಗು ಬಂತು, ಆಮೇಲೆ ತಡೆಯಲಾಗದಷ್ಟು ಅಳು ಬಂತು.

ನಾಳೆ ಎರಡನೆಯ ಸೂಜಿ. ಮತ್ತೆ ಹಿಡಿಯಬೇಕಾಗಬಹುದು. ಈ ಪತ್ರ ನಿಮ್ಮ ಕೈ ಸೇರುವುದು ಹೇಗೆ, ನಿಮ್ಮ ಉತ್ತರ ನನ್ನ ಕೈ ಸೇರುವುದು ಹೇಗೆ ಎಂದು ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ. ಆದರೂ ಬಲ್ಲವರು ನೀವು, ಹೇಳಿ. ತಮ್ಮ ಕೂಗು ಅವ್ವನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು ಎಂಬುದು ನಿಮ್ಮ ಮಕ್ಕಳಿಗೆ ಗೊತ್ತಿತ್ತು. ಗೊತ್ತಿದ್ದೂ ರಾತ್ರಿ ನಿಮ್ಮ ಮಗ್ಗುಲಿಗೇ ಬಂದು ಮಲಗುತ್ತಿದ್ದರೇ? ಹೌದೆನ್ನುವುದಾದರೆ ಇವತ್ತೇ ಅವಳಿಗೆ ನಿಜ ಹೇಳಿಬಿಡುತ್ತೇನೆ. ಇಲ್ಲವಾದರೆ ನಾನು ಕಿವುಡಿಯಾಗಿಯೇ ಇದ್ದುಬಿಡುತ್ತೇನೆ.