ಪಾಲಯ್ಯನಿಗೆ, ಹೊಸ ಬಂದೂಕಿನ ಸುದ್ದಿ

ಲೇ ಪಾಲಯ್ಯ,

ಓದಲು ನೀನಿಲ್ಲ. ಆದರೂ ಈ ಸುದ್ದಿಯನ್ನು ಬೇರೆ ಯಾರಿಗೆ ಹೇಳಲಿ? ನಮ್ಮ ನಾಟಕಕ್ಕೆ ಕೊನೆಗೂ ಬಂದೂಕು ಕೊಂಡೆ. ಬ್ರಿಟಿಷರ ಕಾಲದ, ಒಂದು ಸಲಕ್ಕೆ ಒಂದೇ ಗುಂಡು ತುಂಬುವ ರೈಫಲ್ಲಿನ ನಕಲು. ಅಸಲಿ ನಮ್ಮಂಥವರಿಗೆ ಎಟುಕುವುದಲ್ಲ. ಇದು ಅಗ್ಗಕ್ಕೆ ಸಿಕ್ಕಿತು. ಗುಂಡು ಹಾರುವುದಿಲ್ಲ, ಆದರೆ ಕೆಳಗಿನ ಹಿಡಿ ಎಳೆದರೆ ಕಟಕ್ ಎಂದು ಬಾಯಿ ತೆರೆಯುತ್ತದೆ. ಕೊಡೆಯ ಕೋಲಿಗೆ ಬೇವಿನ ಕಟ್ಟಿಗೆ ಕೂಡಿಸಿ ನೀನು ಮಾಡಿದ್ದ ಬಂದೂಕು ನನ್ನ ಮಂಚದ ಪಕ್ಕದಲ್ಲಿದೆ.

ನೀನು ತೀರಿಕೊಂಡ ಮೇಲೆ ಮೊದಲ ಸಲ, ನಿನ್ನೆ ಕೊಟ್ಟೂರಿನಲ್ಲಿ ನಾಟಕ ಆಡಿದೆವು. ನಿನ್ನ ಸಾಹೇಬನ ಪಾತ್ರವನ್ನು ನಿನ್ನ ತಮ್ಮನ ಮಗ ಭರತ್ ಮಾಡಿದ. ನಾನು ಅದೇ ಪಾಳೇಗಾರ. ಅವನು ನನ್ನ ಎದೆಗೆ ಗುರಿ ಹಿಡಿದ. ಪರದೆಯ ಹಿಂದೆ ಪಟಾಕಿ ಸಿಡಿಯಿತು. ನಾನು ನಿಂತೇ ಇದ್ದೆ.

"ಗುಂಡು ಹಾರೈತಿ ಮಾವಾ, ಬೀಳ್ರಿ!" ಎಂದು ಭರತ್ ಪಿಸುಗುಟ್ಟಿದ. ಜನ ನಕ್ಕರು.

ಪ್ರತಿ ಸಲ ಗುರಿ ಹಿಡಿದ ಮೇಲೆ ನೀನು ಅಂಟುಮೀಸೆಯ ಕೆಳಗೇ, "ಎಡಕ್ಕ ಬೀಳಲೇ, ಬಲಕ್ಕ ಹಲಗ್ಯಾಗ ಮೊಳಿ ಎದ್ದಾವ" ಎನ್ನುತ್ತಿದ್ದೆಯಲ್ಲ, ಅದು ಕೇಳಿಸಿದ ಮೇಲೆಯೇ ನಾನು ಸಾಯುತ್ತಿದ್ದೆ. ನಿನ್ನೆಯೂ ಅದಕ್ಕಾಗಿಯೇ ಕಾಯುತ್ತಿದ್ದೆ.

ಕೊನೆಗೆ ಬಿದ್ದೆ. ಬಲಕ್ಕೇ ಬಿದ್ದೆ.